ಮನೆಯಲ್ಲೇ ಸುತ್ತುವ ಸುಶಿ

ಸುಶಿಯ ಜೀವಾಳ ಅನ್ನ. ಜಪಾನಿನ ಗಿಡ್ಡ ಕಾಳಿನ ಅಕ್ಕಿಯನ್ನು ನೀರು ತಿಳಿಯಾಗುವವರೆಗೆ ತೊಳೆದು ಬೇಯಿಸುತ್ತಾರೆ. ಅನ್ನ ಬಿಸಿಯಿರುವಾಗಲೇ ಅಗಲವಾದ ಮರದ ತೊಟ್ಟಿಗೆ ಸುರಿದು, ಸಕ್ಕರೆ, ಉಪ್ಪು ಕರಗಿಸಿದ ಅಕ್ಕಿ ವಿನೆಗರ್ ಚಿಮುಕಿಸುತ್ತಾರೆ. ಬೀಸಣಿಗೆಯಿಂದ ಗಾಳಿ ಹಾಕುತ್ತ, ಸಟ್ಟುಗದಿಂದ ಸೀಳುವಂತೆ ಕಲಸಿದರೆ ಅಗುಳು ಮುರಿಯದೆ ಮುತ್ತಿನಂತೆ ಹೊಳೆಯುತ್ತದೆ.

ಹೊಸಬರಿಗೆ ಸೌತೆಕಾಯಿಯ ಸುರುಳಿಯಾದ ಕಪ್ಪಾಮಾಕಿ ಒಳ್ಳೆಯ ಆರಂಭ. ಬಿದಿರಿನ ಚಾಪೆಯ ಮೇಲೆ ನೋರಿ ಎಂಬ ಕಡಲಪಾಚಿಯ ಹಾಳೆಯನ್ನು ಒರಟು ಮೈ ಮೇಲಾಗುವಂತೆ ಇಟ್ಟು, ಒದ್ದೆ ಕೈಯಿಂದ ಅನ್ನವನ್ನು ತೆಳುವಾಗಿ ಹರಡಬೇಕು. ಆಚೆ ತುದಿಯಲ್ಲಿ ಬೆರಳಗಲ ಖಾಲಿ ಬಿಡಬೇಕು. ಸೌತೆಕಾಯಿ ಇಟ್ಟು ಬಿಗಿಯಾಗಿ ಸುತ್ತಿ, ಒದ್ದೆ ಚಾಕುವಿನಿಂದ 6 ತುಂಡು ಮಾಡಿದರಾಯಿತು.

ಚಾಪೆಯೂ ಬೇಡವೆಂದರೆ ಕೈಯಲ್ಲೇ ಸುತ್ತುವ ತೆಮಾಕಿ ಇದೆ. ಜಪಾನಿನ ಮನೆಗಳಲ್ಲಿ ಅನ್ನ, ನೋರಿ, ಮೊಟ್ಟೆ, ಮೀನು ಎಲ್ಲವನ್ನೂ ಮೇಜಿನ ನಡುವೆ ಇಡುತ್ತಾರೆ. ಅವರವರ ರುಚಿಗೆ ತಕ್ಕಂತೆ ಅವರವರೇ ಸುತ್ತಿಕೊಂಡು, ನೋರಿ ಮೆತ್ತಗಾಗುವ ಮೊದಲೇ ತಿನ್ನುತ್ತಾರೆ.