ಕ್ಯಾಟು, ಬ್ಯಾಟು ಮತ್ತು ಬಂಡೂರಿನ ಮಕ್ಕಳು

ಕ್ಯಾಟ್, ಬ್ಯಾಟ್, ಹ್ಯಾಟ್, ರ‍್ಯಾಟ್. ನಮ್ಮ ಮಕ್ಕಳ ಇಂಗ್ಲಿಷ್ ಶುರುವಾಗುವುದು ಹೀಗೆ, ಕೊನೆಯ ಅಕ್ಷರ ಒಂದೇ ಆಗಿರುವ ಪುಟ್ಟ ಪದಗಳ ಪಟ್ಟಿಯಿಂದ. ಎಡಕ್ಕೆ ಪದ, ನಡುವೆ ಕನ್ನಡ ಲಿಪಿಯಲ್ಲಿ ಉಚ್ಚಾರ, ಬಲಕ್ಕೆ ಅರ್ಥ. 2007ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದ ಮೇಲೆ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಬಂಡೂರಿನಂಥ ಊರುಗಳಿಗೂ ಇದೇ ಮೊದಲ ಮೆಟ್ಟಿಲು. ‘ಸಿ ಎ ಟಿ ಕ್ಯಾಟ್, ಕ್ಯಾಟ್ ಅಂದ್ರೆ ಬೆಕ್ಕು’ ಎಂದು ಮಗು ರಾಗವಾಗಿ ಒಪ್ಪಿಸಿದರೆ ಅಪ್ಪ ಅವ್ವ ಹಿಗ್ಗುತ್ತಾರೆ. ಅವರು ಇಟ್ಟ ನಂಬಿಕೆ ದೊಡ್ಡದು. ಅದಕ್ಕೆ ಈ ಪಟ್ಟಿ ತಕ್ಕುದಾಗಿದೆಯೇ ಎಂದು ನೋಡಲೇಬೇಕು.

ಪಟ್ಟಿಯ ಹಿಂದಿನ ಯೋಚನೆ ಒಳ್ಳೆಯದೇ. ಬಾಲ ಹಾಗೇ ಉಳಿದು ತಲೆ ಮಾತ್ರ ಬದಲಾದಾಗ, ಯಾವ ಅಕ್ಷರಕ್ಕೆ ಯಾವ ದನಿ ಎಂಬುದು ಮಗುವಿನ ಕಿವಿಗೆ ತಾನಾಗಿ ಗೊತ್ತಾಗುತ್ತದೆ. ಆದರೆ ಬಾಯಿಪಾಠ ಈ ಲಾಭವನ್ನೇ ನುಂಗಿಹಾಕುತ್ತದೆ. ‘ಸಿ, ಎ, ಟಿ’ ಎಂಬ ಹೆಸರುಗಳನ್ನು ಎಷ್ಟು ಬೇಗ ಕೂಡಿಸಿ ಹೇಳಿದರೂ ‘ಕ್ಯಾಟ್’ ಹುಟ್ಟುವುದಿಲ್ಲ. ಹೆಸರು ಬೇರೆ, ದನಿ ಬೇರೆ.

ಇನ್ನೊಂದು ನಷ್ಟ ನನ್ನನ್ನು ಹೆಚ್ಚು ಕಾಡುತ್ತದೆ. ಮಂಡ್ಯದ ಮಗು ಮನೆಯಲ್ಲಿ ‘ಬ್ಯಾಡ ಕಣವ್ವ’ ಅನ್ನುತ್ತದೆ, ‘ಮ್ಯಾಲೆ ಇಡು’ ಅನ್ನುತ್ತದೆ. ಕ್ಯಾಟ್, ಬ್ಯಾಟ್‌ಗಳಿಗೆ ಬೇಕಾದ ಸ್ವರಕ್ಕೆ ತೀರಾ ಹತ್ತಿರದ ದನಿ ಅದು. ಕನ್ನಡದ ಪಿರಿಯಡ್ಡಿನಲ್ಲಿ ‘ಬ್ಯಾಡ ಅಲ್ಲ, ಬೇಡ’ ಎಂದು ತಿದ್ದಿಸಿಕೊಂಡ ಮಗುವಿಗೆ ಮುಂದಿನ ಪಿರಿಯಡ್ಡಿನಲ್ಲಿ ಅದೇ ದನಿಯನ್ನು ಹೊಸ ವಿದ್ಯೆಯೆಂಬಂತೆ ಕಲಿಸುತ್ತೇವೆ. ಊರ ಮಾತು ಇಲ್ಲಿ ಅಡ್ಡಿಯಲ್ಲ, ಆಸ್ತಿ.

ಕೊನೆಗೆ ಸೇರುವ ಉಕಾರದ ಕಥೆಯೂ ಹೀಗೆಯೇ. ಮಗು ‘ಪೆನ್ನು’, ‘ಬಸ್ಸು’ ಅಂದರೆ ಗದರುತ್ತೇವೆ. ಹಳಗನ್ನಡದಲ್ಲಿ ವ್ಯಂಜನಕ್ಕೇ ನಿಲ್ಲುವ ಪದಗಳು ಬೇಕಾದಷ್ಟಿದ್ದವು. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ ಎಂಬ ವ್ಯಾಕರಣ ಬರೆದದ್ದು ಅಂಥ ಕನ್ನಡಕ್ಕೆ. ಆಮೇಲೆ ಕಣ್ ಎಂಬುದು ಕಣ್ಣು ಆಯಿತು, ಕಲ್ ಕಲ್ಲಾಯಿತು, ಪಾಲ್ ಹಾಲಾಯಿತು. ಹ್ರಸ್ವ ಸ್ವರವಿದ್ದಲ್ಲಿ ವ್ಯಂಜನ ಇಮ್ಮಡಿಸಿತು, ದೀರ್ಘವಿದ್ದಲ್ಲಿ ಒಂಟಿಯಾಗಿ ಉಳಿಯಿತು. ಪೆನ್ನು, ಕಪ್ಪು, ರನ್ನು ಒಂದು ಕಡೆ. ಕಾರು, ರೋಡು, ಗೇಟು ಇನ್ನೊಂದು ಕಡೆ: ಮಗು ಪಾಲಿಸುತ್ತಿರುವುದು ಆ ಹಳೆಯ ನಿಯಮವನ್ನೇ. (ಬ್ಯಾಗು, ಬ್ಯಾಟುಗಳ ಸ್ವರ ನಮ್ಮ ಕಿವಿಗೆ ದೀರ್ಘವಾಗಿ ಕೇಳುವುದರಿಂದ ಅಲ್ಲಿ ಒತ್ತಿಲ್ಲ.) ಇಂಗ್ಲಿಷ್ ಬರವಣಿಗೆಯೂ ಇದನ್ನು ಬಲ್ಲದು: ರನ್ ಎಂಬುದು ರನ್ನಿಂಗ್ ಆಗುವಾಗ ಎನ್ ಎರಡಾಗುತ್ತದೆ. ಹ್ರಸ್ವ ಯಾವುದು, ದೀರ್ಘ ಯಾವುದು ಎಂಬ ತಿಳಿವಳಿಕೆ ಮಗುವಿನ ನಾಲಗೆಯ ಮೇಲೇ ಇದೆ. ಉಕಾರವನ್ನು ಬಿಡಿಸುವ ಮೊದಲು ಆ ತಿಳಿವಳಿಕೆಯನ್ನು ಬಳಸಿಕೊಳ್ಳುವ ಮೇಷ್ಟ್ರು ಬೇಕು.

ಪಟ್ಟಿಯ ದೊಡ್ಡ ದೋಷ ಮಾತ್ರ ಅದರ ಬುಡದಲ್ಲೇ ಇದೆ. ಕೊನೆಯ ಅಕ್ಷರ ಒಂದಾದ ಮಾತ್ರಕ್ಕೆ ದನಿ ಒಂದಾಗಬೇಕಿಲ್ಲ. ಬಟ್, ಕಟ್, ನಟ್ ಎಂದು ಬಂದವರು ಪುಟ್ ಎದುರಾದಾಗ ನಿಲ್ಲಬೇಕು. ಓ ಅಕ್ಷರದ ಪಟ್ಟಿಯಲ್ಲಿ ಗೋ, ನೋ, ಸೋ ಇರುವಲ್ಲೇ ಟು ಮತ್ತು ಡು ಕೂತಿರುತ್ತವೆ. ಕೊನೆಯಲ್ಲಿ ಇ ಇರುವ ಕೇಪ್, ಕೈಟ್‌ಗಳಲ್ಲಿ ಆ ಇ ತಾನು ಉಲಿಯದೆ ಹಿಂದಿನ ಸ್ವರವನ್ನು ಬದಲಿಸುತ್ತದೆ. ಬರೆದದ್ದನ್ನು ಬರೆದಂತೆಯೇ ಓದುವ ಕನ್ನಡದ ಮಗುವಿಗೆ ಇದನ್ನು ಬಿಡಿಸಿ ಹೇಳದೆ ಬರೀ ಉರು ಹೊಡೆಸುವುದು ಅನ್ಯಾಯ. ಇದ್ದುದರಲ್ಲಿ ನಂಬಿಕಸ್ಥ ಪಟ್ಟಿ ಎಕ್ಸ್ ಅಕ್ಷರದ್ದು: ಬಾಕ್ಸ್, ಫಾಕ್ಸ್, ಸಿಕ್ಸ್, ಮಿಕ್ಸ್.

ಅರ್ಥದ ಸಾಲಿನಲ್ಲಿ ಪದಕ್ಕೊಂದೇ ಅರ್ಥ. ಬ್ಯಾಟ್ ಎಂದರೆ ಬಾವಲಿ ಎಂದು ಬರೆದು, ಬಯಲಿನಲ್ಲಿ ಮಗು ಹಿಡಿದ ಬ್ಯಾಟನ್ನು ಮರೆಯುತ್ತೇವೆ. ಪದಕ್ಕೆ ಜೀವ ಬರುವುದು ಕಥೆಯೊಳಗೆ. ಅಮೆರಿಕದ ಮಕ್ಕಳ ಲೇಖಕ ಡಾ. ಸ್ಯೂಸ್ 1957ರಲ್ಲಿ ‘ದಿ ಕ್ಯಾಟ್ ಇನ್ ದ ಹ್ಯಾಟ್’ ಬರೆದಾಗ ಅವರ ಕೈಲಿದ್ದುದೂ ಇಂಥದೇ ಪುಟ್ಟ ಪದಗಳು. 236 ಬೇರೆಬೇರೆ ಪದಗಳಲ್ಲಿ ಪುಸ್ತಕವೇ ಮುಗಿಯಿತು. ಪದಗಳು ಕಥೆಯೊಳಗೆ ಓಡಾಡಿದವು, ಮಕ್ಕಳು ಓದಿದರು.

ಬಂಡೂರಿಗೆ ಅಂಥ ಕಥೆಗೆ ಬೇಕಾದುದೆಲ್ಲ ಇದೆ. ಗಿಡ್ಡ ಕಾಲು, ತುಂಬಿದ ಮೈಯ ಬಂಡೂರು ಕುರಿ ಈ ಊರಿನ ಹೆಸರನ್ನೇ ಹೊತ್ತಿದೆ. ಎಮ್ ಅಕ್ಷರದ ಪಟ್ಟಿಯಲ್ಲಿ ಹ್ಯಾಮ್, ಜ್ಯಾಮ್‌ಗಳಿಗಿಂತ ಮೊದಲು ಟಗರಿನ ರ‍್ಯಾಮ್ ಬರಲಿ, ಕನ್ನಂಬಾಡಿಯ ಡ್ಯಾಮ್ ಬರಲಿ. ಕುರಿಮರಿಯನ್ನು ಬಿ ಅಕ್ಷರದ ಪಟ್ಟಿಗೆ ಸೇರಿಸಿ ‘ಲ್ಯಾಂಬ್’ ಎಂದು ಬರೆಸುವುದನ್ನು ಬಿಟ್ಟು, ಅಲ್ಲಿ ಬಿ ಉಲಿಯುವುದಿಲ್ಲವೆಂದು ಹೇಳಿ, ದನಿಯ ಪ್ರಕಾರ ‘ಲ್ಯಾಮ್’ ಆಗಿ ರ‍್ಯಾಮ್ ಪಕ್ಕದಲ್ಲೇ ನಿಲ್ಲಿಸಬೇಕು.