ಚಂದ್ರನ ಮೇಲಿನ ಕತ್ತಲು ಯಾರ ನೆರಳು?

ಭೂಮಿಯ ನೆರಳು ಬೀಳುವುದರಿಂದ ಚಂದ್ರ ಕ್ಷಯಿಸುತ್ತಾನೆ ಎಂಬ ನಂಬಿಕೆ ಚೆನ್ನಾಗಿ ಓದಿದವರಲ್ಲೂ ಬೇರುಬಿಟ್ಟಿದೆ. ಅದು ತಪ್ಪೆಂದು ತಿಳಿಯಲು ದೂರದರ್ಶಕ ಬೇಡ, ದೇವರ ಕೋಣೆಯಲ್ಲಿರುವ ಪಂಚಾಂಗ ಸಾಕು. ತಿಥಿ ಎನ್ನುವುದು ಸೂರ್ಯನಿಗೂ ಚಂದ್ರನಿಗೂ ನಡುವಿನ ಕೋನದ ಲೆಕ್ಕ. ಚಂದ್ರ ಸೂರ್ಯನಿಂದ 12 ಡಿಗ್ರಿ ದೂರ ಸರಿದರೆ ಒಂದು ತಿಥಿ ಮುಗಿಯಿತು. ಮೂವತ್ತು ತಿಥಿಗೆ 360 ಡಿಗ್ರಿಯ ಸುತ್ತು ಪೂರ್ತಿ. ಹಾಗಾದರೆ ಅರ್ಧಚಂದ್ರ ಕಾಣುವ ಅಷ್ಟಮಿಯ ನಡುಘಳಿಗೆಯಲ್ಲಿ ಕೋನ 90 ಡಿಗ್ರಿ. ಭೂಮಿಯ ನೆರಳಾದರೋ ಯಾವಾಗಲೂ ಸೂರ್ಯನಿಗೆ ನೇರ ಎದುರಿಗೆ, 180 ಡಿಗ್ರಿಯಲ್ಲಿ ಚಾಚಿರುತ್ತದೆ. ಚಂದ್ರ ಒಂದು ಕಡೆ, ನೆರಳು ಆಕಾಶದ ಇನ್ನೊಂದು ಕಡೆ. ಆ ನೆರಳನ್ನು ಚಂದ್ರ ಮುಟ್ಟುವುದು ಹುಣ್ಣಿಮೆಯಲ್ಲಿ ಮಾತ್ರ, ಅದೂ ಅಪರೂಪಕ್ಕೆ. ಅದನ್ನೇ ನಾವು ಚಂದ್ರಗ್ರಹಣ ಎನ್ನುತ್ತೇವೆ. 2025ರ ಸೆಪ್ಟೆಂಬರ್ 7ರ ರಾತ್ರಿ ಹಿಡಿದ ಗ್ರಹಣ ಮೂರೂವರೆ ಗಂಟೆಯಲ್ಲಿ ಬಿಟ್ಟಿತು. ಕೆಲವೇ ಗಂಟೆಗಳಲ್ಲಿ ದಾಟಿಹೋಗುವ ನೆರಳು ಹದಿನೈದು ದಿನದ ಕೃಷ್ಣಪಕ್ಷಕ್ಕೆ ಕಾರಣವಾಗುವುದಾದರೂ ಹೇಗೆ?

ಚಂದ್ರನ ಮೇಲಿನ ಕತ್ತಲು ಚಂದ್ರನದೇ ರಾತ್ರಿ. ಭೂಮಿ, ಗ್ರಹಗಳೆಲ್ಲ ಗೋಲಗಳು, ಸೂರ್ಯನ ಕಡೆಗಿರುವ ಅರ್ಧ ಬೆಳಗುತ್ತದೆ, ಉಳಿದರ್ಧ ತನ್ನದೇ ನೆರಳಿನಲ್ಲಿರುತ್ತದೆ ಎಂದು ಆರ್ಯಭಟ 499ರ ಹೊತ್ತಿಗೇ ಬರೆದಿಟ್ಟ. ಗ್ರಹಣದ ಹೊತ್ತು ಬಿಟ್ಟರೆ ಚಂದ್ರನ ಅರ್ಧಭಾಗ ಸದಾ ಬೆಳಗಿಯೇ ಇರುತ್ತದೆ. ಬದಲಾಗುವುದು ಆ ಅರ್ಧದಲ್ಲಿ ನಮ್ಮ ಕಡೆಗೆ ತಿರುಗಿರುವ ಪಾಲು. ಪರೀಕ್ಷೆ ಸುಲಭ. ಶುಕ್ಲ ಅಷ್ಟಮಿಯಂದು ಮಧ್ಯಾಹ್ನ ನಾಲ್ಕರ ಹೊತ್ತಿಗೆ ಅಂಗಳಕ್ಕೆ ಬಂದರೆ ಪಶ್ಚಿಮದಲ್ಲಿ ಸೂರ್ಯ, ಪೂರ್ವದ ಕಡೆ ಎತ್ತರದಲ್ಲಿ ಬಿಳಿಚಿಕೊಂಡ ಚಂದ್ರ, ಇಬ್ಬರೂ ಇರುತ್ತಾರೆ. ಒಂದು ನಿಂಬೆಹಣ್ಣನ್ನು ಎರಡು ಬೆರಳಲ್ಲಿ ಹಿಡಿದು, ಕೈ ನೀಡಿ, ಚಂದ್ರನ ಪಕ್ಕದಲ್ಲೇ ಕಾಣುವಂತೆ ಎತ್ತಬೇಕು. ಹಣ್ಣಿಗೆ ಬಿಸಿಲು ಬಿದ್ದಿರಬೇಕು, ಅಷ್ಟೆ. ಹಣ್ಣಿನ ಯಾವ ಬದಿ ಎಷ್ಟು ಬೆಳಗಿದೆಯೋ ಚಂದ್ರನದೂ ಅದೇ ಬದಿ, ಅಷ್ಟೇ. ಎರಡಕ್ಕೂ ಬೆಳಕು ಒಂದೇ, ನೋಡುವ ಕೋನವೂ ಒಂದೇ.

ತೀರ್ಥಹಳ್ಳಿಯವರಿಗೆ ತಿಥಿಯ ಈ ಲೆಕ್ಕ ಹೊಸತಲ್ಲ. ತುಂಗೆಯ ದಡದ ರಾಮೇಶ್ವರ ದೇವರ ಎಳ್ಳಮಾವಾಸ್ಯೆ ಜಾತ್ರೆ ನಿಂತಿರುವುದೇ ಇದರ ಮೇಲೆ. ತೀರ್ಥಸ್ನಾನದ ಅಮಾವಾಸ್ಯೆಯಂದು ಚಂದ್ರ ಸೂರ್ಯನ ದಿಕ್ಕಿನಲ್ಲೇ ಇದ್ದು, ಬೆಳಗಿದ ಮುಖವನ್ನು ಪೂರ್ತಿ ಆ ಕಡೆ ತಿರುಗಿಸಿರುತ್ತಾನೆ. ಮರುದಿನ ತೇರು, ಅದರ ಮರುದಿನ ತೆಪ್ಪೋತ್ಸವ. ಅಷ್ಟರಲ್ಲಿ ಕೋನ ಇಪ್ಪತ್ತರ ಆಸುಪಾಸಿಗೆ ಬಂದಿರುತ್ತದೆ. ಸೂರ್ಯ ಮುಳುಗಿದ ಮೇಲೆ ಪಶ್ಚಿಮದಲ್ಲಿ ಬಿದಿಗೆ ಚಂದ್ರನ ಎಳೆ ಕಾಣಬೇಕು. ಪೇಟೆಯ ಸುತ್ತ ಗುಡ್ಡ, ಅಡಿಕೆ ತೋಟ ಅಡ್ಡ ಬರುವುದರಿಂದ ಬಹಳ ಜನ ಅದನ್ನು ಕಾಣುವುದೇ ಇಲ್ಲ. ಆಗುಂಬೆಯ ಸೂರ್ಯಾಸ್ತದ ಜಾಗ ಇದಕ್ಕೆ ಹೇಳಿ ಮಾಡಿಸಿದ್ದು, ಆದರೆ ಸೂರ್ಯ ಮುಳುಗಿದ್ದೇ ಜನ ಬಸ್ಸು ಹತ್ತುತ್ತಾರೆ. ಇನ್ನರ್ಧ ಗಂಟೆ ನಿಂತರೆ ಆ ಎಳೆಯ ಒಳಗೆ ಚಂದ್ರನ ಉಳಿದ ಭಾಗ ಬೂದಿ ಬಣ್ಣದಲ್ಲಿ ಮಂಕಾಗಿ ಮೂಡುತ್ತದೆ. ಅದು ಭೂಮಿಯ ಮೇಲೆ ಬಿದ್ದ ಬಿಸಿಲು ಪ್ರತಿಫಲಿಸಿ ಅಲ್ಲಿಯ ರಾತ್ರಿಗೆ ಕೊಟ್ಟ ಬೆಳಕು. ನಾವು ನೆರಳು ಹಾಕುತ್ತೇವೆಂದು ತಿಳಿದ ಕಡೆಗೆ ಬೆಳಕು ಕಳಿಸುತ್ತಿದ್ದೇವೆ. ಇದಕ್ಕಿಂತ ಬಲವಾದ ಸಾಕ್ಷಿ ಬೇರೆ ಸಿಗಲಾರದು.

ಆಕ್ಷೇಪಗಳಿವೆ. ಅಮಾವಾಸ್ಯೆಯಂದು ಚಂದ್ರ ಸೂರ್ಯನ ದಿಕ್ಕಿಗೇ ಬರುವುದಾದರೆ ತಿಂಗಳು ತಿಂಗಳೂ ಸೂರ್ಯಗ್ರಹಣ ಯಾಕಿಲ್ಲ? ಚಂದ್ರನ ದಾರಿ ಸೂರ್ಯನ ದಾರಿಗೆ ಸುಮಾರು 5 ಡಿಗ್ರಿ ಓರೆ. ಸೂರ್ಯಬಿಂಬದ ಅಗಲವಾದರೋ ಬರೀ ಅರ್ಧ ಡಿಗ್ರಿ. ಹಾಗಾಗಿ ಚಂದ್ರ ಸಾಮಾನ್ಯವಾಗಿ ಸೂರ್ಯನ ಮೇಲೋ ಕೆಳಗೋ ಹಾದುಹೋಗುತ್ತಾನೆ. ಎರಡು ದಾರಿಗಳು ಕೂಡುವ ಬಿಂದುಗಳಿಗೇ ನಮ್ಮ ಜ್ಯೋತಿಷ್ಯ ರಾಹು, ಕೇತು ಎಂದು ಹೆಸರಿಟ್ಟಿರುವುದು. ಅಮಾವಾಸ್ಯೆ ಆ ಬಿಂದುಗಳ ಹತ್ತಿರ ಬಿದ್ದರಷ್ಟೇ ಗ್ರಹಣ. 2019ರ ಡಿಸೆಂಬರ್ 26ರ ಬೆಳಿಗ್ಗೆ, ಅದೂ ಎಳ್ಳಮಾವಾಸ್ಯೆ ಎನ್ನುವ ಮಾರ್ಗಶಿರದ ಅಮಾವಾಸ್ಯೆಯಲ್ಲೇ, ಹಾಗೆ ಕೂಡಿಬಂತು: ಕಾಸರಗೋಡಿನ ಚೆರುವತ್ತೂರಿನಲ್ಲಿ ಸೂರ್ಯ ಬಳೆಯಾಗಿ ಕಂಡ, ಮಲೆನಾಡಿನಲ್ಲಿ ಬಹುಪಾಲು ಮುಚ್ಚಿಹೋದ. ಎರಡನೆಯ ಆಕ್ಷೇಪ ಸೂಕ್ಷ್ಮವಾಗಿ ನೋಡುವವರದು. ದಶಮಿ, ಏಕಾದಶಿಯ ಸಂಜೆ ಚಂದ್ರನ ಬೆಳಗಿದ ಅಂಚು ಸೂರ್ಯನ ಕಡೆಗಲ್ಲದೆ ಮೇಲಕ್ಕೆ ಮುಖ ಮಾಡಿದಂತೆ ಕಾಣುತ್ತದಲ್ಲ, ಬೆಳಕು ಬೇರೆಲ್ಲಿಂದಲೋ ಬರುತ್ತಿದೆಯೇ? ಇಲ್ಲ. ಮೋಸ ಹೋಗುತ್ತಿರುವುದು ನಮ್ಮ ಕಣ್ಣು. ಆಕಾಶದ ಉದ್ದಕ್ಕೂ ನೇರ ಗೆರೆ ಎಳೆಯುವುದು ಕಣ್ಣಿಗೆ ಒಗ್ಗಿದ ಕೆಲಸವಲ್ಲ. ಎರಡೂ ಕೈಯಲ್ಲಿ ದಾರವೊಂದನ್ನು ಬಿಗಿಯಾಗಿ ಎಳೆದು, ಒಂದು ತುದಿ ಚಂದ್ರನಿಗೆ, ಇನ್ನೊಂದು ಮುಳುಗುತ್ತಿರುವ ಸೂರ್ಯನ ದಿಕ್ಕಿಗೆ ಬರುವಂತೆ ಹಿಡಿದರೆ ಬೆಳಗಿದ ಬದಿಯ ನಟ್ಟನಡುವಿನಿಂದಲೇ ದಾರ ಹೊರಡುತ್ತದೆ.

ಮಳೆಗಾಲದ ನಾಲ್ಕು ತಿಂಗಳು ನಮ್ಮಲ್ಲಿ ಆಕಾಶ ನೋಡುವ ಮಾತೇ ಇಲ್ಲ. ದೀಪಾವಳಿಯಿಂದ ಹೋಳಿಹುಣ್ಣಿಮೆಯವರೆಗೆ ಶುಭ್ರವಾದ ಶುಕ್ಲ ಅಷ್ಟಮಿಗಳು ಬೆರಳೆಣಿಕೆಯಷ್ಟೇ ಸಿಗುತ್ತವೆ. ತಾಲ್ಲೂಕಿನ ವಿಜ್ಞಾನದ ಮೇಷ್ಟ್ರುಗಳಲ್ಲಿ ನನ್ನ ಬಿನ್ನಹ ಇಷ್ಟೆ: ಆ ಮಧ್ಯಾಹ್ನ ಶಾಲೆ ಬಿಡುವ ಮುಂಚೆ ಮಕ್ಕಳ ಕೈಗೊಂದು ನಿಂಬೆಹಣ್ಣು ಕೊಟ್ಟು ಮೈದಾನಕ್ಕೆ ಕರೆತನ್ನಿ. ಹಲಗೆಯ ಮೇಲಿನ ಚಿತ್ರ ಆಮೇಲೆ ಬರೆದರಾಯಿತು.