ಸೀಸದ ಗುಂಡು ಮತ್ತು ಸಮಾರಂಭ: ಬೇಟೆಯ ಗ್ರಂಥವೊಂದರ ವಿಮರ್ಶೆ

ಸ್ಯಾಮ್ಯುಯೆಲ್ ವೈಟ್ ಬೇಕರ್ (1821–1893) ಎಂಬ ಆಂಗ್ಲ ಬೇಟೆಗಾರನ ‘ವೈಲ್ಡ್ ಬೀಸ್ಟ್ಸ್ ಅಂಡ್ ದೇರ್ ವೇಸ್’ ಎಂಬ ಗ್ರಂಥವು 1890ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟವಾಯಿತು. ಬೇಟೆಯನ್ನು ಸಪ್ತವ್ಯಸನಗಳಲ್ಲಿ ಎಣಿಸುವ ಸಮಾಜದ ಪತ್ರಿಕೆಯಲ್ಲಿ ಇಂಥ ಗ್ರಂಥದ ವಿಮರ್ಶೆ ಏತಕ್ಕೆಂದು ಓದುಗರು ಕೇಳಬಹುದು. ಹಿಂಸೆ ಎಲ್ಲಿಂದ ತೊಡಗುತ್ತದೆ ಎಂಬುದಕ್ಕೆ ಆಚಾರ್ಯರು ಕೊಟ್ಟ ಉತ್ತರಕ್ಕೆ, ಆ ಆಚಾರ್ಯರ ಮಾತನ್ನು ಆಧರಿಸದೆಯೇ ಬರೆದ ಈ ಗ್ರಂಥದ ಮೊದಲ ಅಧ್ಯಾಯವು ಸಾಕ್ಷ್ಯ ಒದಗಿಸುತ್ತದೆ. ಅದೇ ಕಾರಣ.

ಹೆಸರಿನಲ್ಲಿ ಕಾಡುಮೃಗಗಳಿದ್ದರೂ ಗ್ರಂಥದಲ್ಲಿ ಮೃಗಗಳಿಗಿಂತ ಮೊದಲು ಬರುವುದು ಕೋವಿಗಳು. ಅರ್ಧ ಶತಮಾನದ ಕೋವಿಗಳ ಚರಿತ್ರೆಯೇ ಮೊದಲ ಅಧ್ಯಾಯ. ಬೇಕರ್‌ಗಾಗಿ 1840ರಲ್ಲಿ ಬ್ರಿಸ್ಟಲ್ಲಿನ ಗಿಬ್ಸ್ ಎಂಬ ಕೋವಿಗಾರ ತಯಾರಿಸಿದ ಬಂದೂಕಿನ ತೂಕ 21 ಪೌಂಡು, ಎಂದರೆ ಒಂಬತ್ತೂವರೆ ಕಿಲೋ. ಅದರ ಉರುಟು ಗುಂಡು 3 ಔನ್ಸು, ಮೊನೆಯುಳ್ಳ ಗುಂಡು 4 ಔನ್ಸು. ಒಂದೊಂದು ಹೊಡೆತಕ್ಕೆ ಮದ್ದು 16 ಡ್ರಾಮು. ಹಳೆಯ ತಕ್ಕಡಿಯ ಲೆಕ್ಕದಲ್ಲಿ ಸುಮಾರು ಎರಡೂವರೆ ತೊಲ ಮದ್ದು ಹತ್ತು ತೊಲ ಸೀಸವನ್ನು ದೂಡುತ್ತಿತ್ತು. ಮುಂದೆ ಅಬಿಸೀನಿಯದ ಪ್ರವಾಸಕ್ಕೆ ಅವನು ಒಯ್ದ ಇನ್ನೊಂದು ಕೋವಿ ಅರ್ಧ ಪೌಂಡು ತೂಕದ ಸಿಡಿಗುಂಡನ್ನು ಹಾರಿಸುತ್ತಿತ್ತು. ಅದಕ್ಕೆ ಅವನಿಟ್ಟ ಹೆಸರು ‘ಬೇಬಿ’. ಅಲ್ಲಿನ ಅರಬರು ಅದನ್ನು ಫಿರಂಗಿಯ ಮಗುವೆಂದರಂತೆ. ಕೊಲ್ಲುವ ವಸ್ತುವಿಗೆ ಕೂಸಿನ ಹೆಸರಿಡುವ ಮನೋಧರ್ಮದ ಬಗ್ಗೆ ಪ್ರತ್ಯೇಕ ಲೇಖನವನ್ನೇ ಬರೆಯಬಹುದು.

ಗುಂಡಿನ ಲೋಹದ ವಿಚಾರದಲ್ಲಿ ಬೇಕರ್ ನಿಜವಾಗಿ ಪಂಡಿತ. ಸೀಸ 327 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗುತ್ತದೆ. ಒಂದು ಒಲೆ, ಕಬ್ಬಿಣದ ಪಾತ್ರೆ, ಸೌಟು, ಎರಡು ಹೋಳಿನ ಅಚ್ಚು ಇವಿಷ್ಟಿದ್ದರೆ ಗುಂಡನ್ನು ಎರಕ ಹೊಯ್ಯಬಹುದು. ತವರ ಬೆರೆಸಿದರೆ ಕರಗಿದ ಲೋಹ ಅಚ್ಚಿನ ಮೂಲೆಮೂಲೆಗೂ ತುಂಬುತ್ತದೆ; ಆಂಟಿಮನಿ ಬೆರೆಸಿದರೆ ಗಡುಸಾಗುತ್ತದೆ. ಅಮೆರಿಕದಲ್ಲಿ 1873ರಲ್ಲಿ ಸೈನ್ಯಕ್ಕೆ ಬಂದ .45-70 ಎಂಬ ದೊಡ್ಡ ನಳಿಗೆಯ ತೋಟಾಕ್ಕೆ ಇಂದಿಗೂ ಹವ್ಯಾಸಿ ಬೇಟೆಗಾರರು ಮನೆಯಲ್ಲೇ ಗುಂಡು ಎರೆದು, ಮದ್ದು ತೂಗಿ ತುಂಬುತ್ತಾರೆ. ಸೀಸ 90, ತವರ 5, ಆಂಟಿಮನಿ 5 ಪಾಲಿನ ಮಿಶ್ರಣ ಅವರಲ್ಲಿ ಹೆಸರಾದದ್ದು. ಆನೆಯಂಥ ದಪ್ಪ ಚರ್ಮದ ಪ್ರಾಣಿಗೆ ಗಡಸು ಗುಂಡು, ಹುಲಿಯಂಥ ಮೃದುಚರ್ಮಿಗೆ ಶುದ್ಧ ಸೀಸದ ಘನವಾದ ಗುಂಡು ಎಂಬುದು ಬೇಕರ್‌ನ ತೀರ್ಮಾನ. ಮೃದು ಸೀಸವು ದೇಹದೊಳಗೆ ಅಣಬೆಯಂತೆ ಅರಳಿ, ಹೊರಗೆ ಹಾದುಹೋಗದೆ, ತನ್ನ ಬಲವನ್ನೆಲ್ಲ ಅಲ್ಲೇ ವ್ಯಯಿಸುತ್ತದೆ. ಅವನ ಕಾಲಕ್ಕೆ ಜನಪ್ರಿಯವಾಗಿದ್ದ ಟೊಳ್ಳು ಗುಂಡನ್ನಾದರೋ ಅವನು ಕಟುವಾಗಿ ಖಂಡಿಸಿದ. ಅದು ಚೂರುಚೂರಾಗಿ ಮೇಲುಗಾಯ ಮಾಡುತ್ತದೆ, ಗಾಯಗೊಂಡ ಮೃಗ ಓಡಿಹೋಗುತ್ತದೆ ಎಂಬುದು ಅವನ ಆಕ್ಷೇಪ.

ಈ ವಾದವನ್ನು ಹಾಸ್ಯ ಮಾಡುವುದು ಅನ್ಯಾಯ. ನರಳಿ ಸಾಯುವುದಕ್ಕೂ ತಟಕ್ಕನೆ ಸಾಯುವುದಕ್ಕೂ ಪ್ರಾಣಿಗೆ ವ್ಯತ್ಯಾಸವುಂಟು. ಬೇಕರ್ ಕ್ರೂರಿಯೆಂದು ಹೇಳಿ ಮುಗಿಸಲೂ ಬರುವುದಿಲ್ಲ. 1869ರಿಂದ 1873ರವರೆಗೆ ಅವನು ಮೇಲ್ನೈಲ್ ಪ್ರಾಂತದಲ್ಲಿ ಗುಲಾಮರ ವ್ಯಾಪಾರವನ್ನು ಅಡಗಿಸಲು ಹೋರಾಡಿದವನು. ಆದರೆ ಅವನ ದಯೆ ಯಾವ ಹಂತದಲ್ಲಿ ಹುಟ್ಟುತ್ತದೆ ಎಂಬುದನ್ನು ವಿಮರ್ಶಕನು ಕೇಳಲೇಬೇಕು.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಜೀವಾಧಿಕರಣವನ್ನು ವಿಂಗಡಿಸುವಾಗ ಮೂರು ಮೆಟ್ಟಿಲುಗಳನ್ನು ಹೇಳುತ್ತಾರೆ: ಸಂರಂಭ, ಸಮಾರಂಭ, ಆರಂಭ. ಮಾಡಬೇಕೆಂದು ಬಗೆಯುವುದು ಸಂರಂಭ. ಅದಕ್ಕೆ ಬೇಕಾದ ಸಾಧನಗಳನ್ನು ಒದಗಿಸಿಕೊಳ್ಳುವುದು ಸಮಾರಂಭ. ಕೆಲಸಕ್ಕೆ ಕೈಹಚ್ಚುವುದು ಆರಂಭ. ಮದುವೆಗೂ ಸನ್ಮಾನಕ್ಕೂ ಸಮಾರಂಭವೆನ್ನುವ ಇಂದಿನ ಕನ್ನಡಿಗರಿಗೆ ಈ ಶಬ್ದದ ಶಾಸ್ತ್ರಾರ್ಥ ಮರೆತೇಹೋಗಿದೆ. ಈ ಮೂರನ್ನು ಮನ-ವಚನ-ಕಾಯಗಳೆಂಬ ಮೂರರಿಂದ, ಕೃತ-ಕಾರಿತ-ಅನುಮೋದನೆಗಳೆಂಬ ಮೂರರಿಂದ, ನಾಲ್ಕು ಕಷಾಯಗಳಿಂದ ಗುಣಿಸಿದರೆ 108. ಜಪಮಾಲೆಯ ಮಣಿಗಳಿಗೆ ಹಿರಿಯರು ಹೇಳುವ ಲೆಕ್ಕವೂ ಇದೇ.

ಈ ಬೆಳಕಿನಲ್ಲಿ ಓದಿದರೆ ಬೇಕರ್‌ನ ಮೊದಲ ಅಧ್ಯಾಯವು ಆದ್ಯಂತ ಸಮಾರಂಭ. ಒಲೆಯ ಮುಂದೆ ಕುಳಿತು ಸೀಸಕ್ಕೆ ಎಷ್ಟು ತವರವೆಂದು ತೂಗುವಾಗ ಯಾವ ಜೀವಿಯೂ ಸತ್ತಿಲ್ಲ, ಆದರೆ ಯಾವ ಚರ್ಮಕ್ಕೆ ಯಾವ ಗುಂಡೆಂಬ ನಿರ್ಧಾರ ಆಗಲೇ ಆಗಿದೆ. ಬೇಕರ್‌ನ ಕರುಣೆ ತಲೆಯೆತ್ತುವುದು ಮೊದಲ ಮೆಟ್ಟಿಲನ್ನು ದಾಟಿದ ಮೇಲೆ. ಕೊಲ್ಲಬೇಕೇ ಎಂಬ ಪ್ರಶ್ನೆಯನ್ನು ಬಿಟ್ಟು, ಹೇಗೆ ಕೊಲ್ಲಬೇಕೆಂಬುದಕ್ಕಷ್ಟೇ ಅದು ಉತ್ತರಿಸುತ್ತದೆ. ಅವನಲ್ಲಿ ಆನೆಯ ಮೇಲೆ ಕ್ರೋಧವಿಲ್ಲ, ಮೆಚ್ಚುಗೆಯೇ ಇದೆ. ಅಲ್ಲಿ ಕೆಲಸ ಮಾಡುತ್ತಿರುವ ಕಷಾಯ ಮಾನ.

ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯನ್ನು ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ. ಯಶೋಧರನೂ ತಾಯಿ ಚಂದ್ರಮತಿಯೂ ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಹಿಟ್ಟಿಗೆ ಪ್ರಾಣವಿಲ್ಲವೆಂಬ ಸಮಾಧಾನ ಅವರನ್ನು ಕಾಯಲಿಲ್ಲ; ನವಿಲಾಗಿ ನಾಯಾಗಿ ಹುಟ್ಟಬೇಕಾಯಿತು. ಕೋಳಿಯ ಆಕಾರಕ್ಕೆ ಹಿಟ್ಟನ್ನು ತಿದ್ದಿದ ಕೈಯನ್ನೂ ಅಚ್ಚಿಗೆ ಸೀಸವನ್ನು ಹೊಯ್ಯುವ ಕೈಯನ್ನೂ ಒಟ್ಟಿಗಿಟ್ಟು ನೋಡಬೇಕು. ಬೇಟೆಗಾರನಿಗೆ ಹಿಟ್ಟಿನ ಕೋಳಿಯ ನೆಪವೂ ಇಲ್ಲ.

ಬೇಕರ್‌ಗೆ ತಿಳಿಯದಿದ್ದ ಇನ್ನೊಂದು ಅಂಶವುಂಟು. ಕೊಂದ ಪ್ರಾಣಿಯ ಅವಶೇಷದಲ್ಲಿ ಉಳಿದ ಸೀಸದ ಚೂರುಗಳನ್ನು ತಿಂದು ಹದ್ದಿನ ಜಾತಿಯ ಪಕ್ಷಿಗಳು ವಿಷವೇರಿ ಸಾಯುತ್ತವೆ. ಅಳಿವಿನಂಚಿಗೆ ಬಂದಿದ್ದ ಕಾಂಡೋರ್ ಪಕ್ಷಿಯ ಸಾವಿಗೆ ಇದು ಮುಖ್ಯ ಕಾರಣವೆಂದು ಕಂಡುಬಂದು, ಕ್ಯಾಲಿಫೋರ್ನಿಯ ರಾಜ್ಯವು 2013ರಲ್ಲಿ ಶಾಸನ ಮಾಡಿ, 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡನ್ನು ಸಂಪೂರ್ಣ ನಿಷೇಧಿಸಿತು. ನಿಧಾನವಾಗಿ ಹೋಗುವ ಗಡಸು ಎರಕದ ಗುಂಡು ಅಷ್ಟಾಗಿ ಒಡೆಯದೆಂದು ಹವ್ಯಾಸಿಗಳು ವಾದಿಸುತ್ತಾರೆ, ಅದರಲ್ಲಿ ಸತ್ಯಾಂಶವಿದೆ. ಆದರೂ ಯಾರ ಬಗೆಯಲ್ಲೂ ಇರದಿದ್ದ ಪಕ್ಷಿ ಸತ್ತಿತು. ಸಂಕಲ್ಪವಿಲ್ಲದಿದ್ದರೂ ಪ್ರಮಾದವಿತ್ತು, ಸೂತ್ರಕಾರರು ಹಿಂಸೆಯ ಲಕ್ಷಣವನ್ನು ಹೇಳುವಾಗ ಮೊದಲು ಹಿಡಿದದ್ದೇ ಪ್ರಮಾದವನ್ನು.

ಇಂಥ ಗ್ರಂಥವನ್ನು ಶ್ರಾವಕರು ಓದಬಹುದೇ? ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಐದು ಅನರ್ಥದಂಡಗಳ ಪೈಕಿ ದುಃಶ್ರುತಿಯನ್ನು ವಿವರಿಸುತ್ತ, ಚಿತ್ತವನ್ನು ಕಲುಷಿತಗೊಳಿಸುವ ವಿಷಯಗಳಲ್ಲಿ ಸಾಹಸವನ್ನೂ ಹೆಸರಿಸಿದ್ದಾರೆ. ಕೆನೆತ್ ಆಂಡರ್ಸನ್ನನ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಮೇಲೆ ಬೇಟೆಯ ಪುಸ್ತಕಗಳು ಜೈನ ಮನೆಗಳ ಕಪಾಟಿಗೂ ಬಂದಿವೆ. ಮಕ್ಕಳು ಆಸೆಯಿಂದ ಓದುತ್ತಾರೆ. ಕಸಿದುಕೊಂಡರೆ ಕದ್ದು ಓದುತ್ತಾರೆ. ದೋಷ ಓದಿನಲ್ಲಿಲ್ಲ, ಗುಂಡು ತಗುಲಿದ ಪುಟದಲ್ಲಿ ಮನಸ್ಸು ಚಪ್ಪಾಳೆ ತಟ್ಟುತ್ತದೆಯಲ್ಲ, ಆ ಅನುಮೋದನೆಯಲ್ಲಿದೆ. ಬಸದಿಯ ವಾಚನಾಲಯಗಳನ್ನು ನಡೆಸುವ ಟ್ರಸ್ಟುಗಳು ಇಂಥ ಪುಸ್ತಕಗಳನ್ನು ಬೀಗ ಹಾಕಿ ಇಡುವ ಬದಲು ಜನ್ನನ ಕಾವ್ಯದ ಗದ್ಯಾನುವಾದವೊಂದನ್ನು ಅವುಗಳ ಪಕ್ಕದಲ್ಲೇ ಇಟ್ಟು, ಯಾವ ಮಗು ಯಾವುದನ್ನು ಮೊದಲು ಎತ್ತಿಕೊಂಡಿತೆಂದು ವಿಚಾರಿಸುವುದು ಮೇಲು.